ಹಿಂದಿನ ಸೀಟಿನ ಅತ್ತೆ

“ಇವತ್ತು ಯಾವ ವಾರ ಅಮ್ಮ?” ಎಂದು ಡಾಕ್ಟರು ಕೇಳಿದಾಗ ಅತ್ತೆ ಕಿಟಕಿಯ ಕಡೆ ನೋಡಿದರು. “ವಾರ ತಾನೆ? ಯಾವುದೋ ಒಂದು ಇರತ್ತೆ ಬಿಡಿ,” ಎಂದರು. ಗಡಿಯಾರದ ಚಿತ್ರ ಬರೆಯಲೆಂದು ಕೊಟ್ಟ ಹಾಳೆಯಲ್ಲಿ ಒಂದು ವೃತ್ತ ಎಳೆದು, ಅಂಕಿಗಳನ್ನೆಲ್ಲ ಅದರ ಬಲಮಗ್ಗುಲಿಗೇ ಒತ್ತೊತ್ತಾಗಿ ತುರುಕಿ, ಪೆನ್ಸಿಲನ್ನು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿಕೊಂಡರು.

ಪಕ್ಕದ ಕುರ್ಚಿಯಲ್ಲಿದ್ದ ಸೊಸೆ ಆ ಹಾಳೆಯನ್ನು ತನ್ನ ಕಡೆ ತಿರುಗಿಸಿ ನೋಡಿದಳು. ಅವಳು ಆ ಮನೆಗೆ ಬಂದು ಕಾಲು ಶತಮಾನ ಕಳೆದಿತ್ತು. ಅಷ್ಟು ಕಾಲವೂ ಅತ್ತೆಯ ಬಾಯಿಗೆ ಹೆದರಿದ್ದಳು, ಅತ್ತೆಯ ನೆನಪಿಗೆ ಅದಕ್ಕಿಂತ ಹೆಚ್ಚು ಹೆದರಿದ್ದಳು. ಬಂದ ಹೊಸದರಲ್ಲಿ ಒಡೆದ ಬಟ್ಟಲಿನ ಬಣ್ಣವನ್ನೂ ಮರೆಯದ ಜೀವ ಅದು. ಹಳೆಯ ಬಟ್ಟೆಗಳನ್ನು ಬಿಚ್ಚಿ, ಹಿಡಿದು, ಸಡಿಲಿಸಿ, ಹೊಲಿದು ಕೊಡುವುದು ಅವರ ಕಸುಬು. ಬಾಗಿಲಲ್ಲಿ ನಿಂತ ಗಿರಾಕಿಯ ಸೊಂಟದ ಅಳತೆಯನ್ನು ಟೇಪು ಹಿಡಿಯದೆ ಹೇಳುತ್ತಿದ್ದರು. ಹೇಳಿದ ಮೇಲೆ, “ಹೋದ್ಸಲಕ್ಕಿಂತ ಎರಡು ಬೆರಳು ಉಬ್ಬಿದೀಯ ಕಣೇ” ಎಂದು ಸೇರಿಸದೆ ಬಿಡುತ್ತಿರಲಿಲ್ಲ. ಅಂಥವರು ಈಗ ಹಾಡುಹಗಲಲ್ಲಿ ಕೂತು ವಾರವನ್ನು ಕಿಟಕಿಯಲ್ಲಿ ಹುಡುಕುತ್ತಿದ್ದರು.

“ಹೋದ ಸಲಕ್ಕಿಂತ ಅಂಕ ಇಳಿದಿದೆ,” ಎಂದರು ಡಾಕ್ಟರು, ಸೊಸೆಯನ್ನು ಬಾಗಿಲ ಬಳಿ ಕರೆದು. “ಇನ್ನೊಂದು ಸಲ ನೋಡೋಣ. ಆಗಲೂ ಹೀಗೇ ಇದ್ರೆ ಒಬ್ಬರನ್ನೇ ಬಿಡೋ ಹಾಗಿಲ್ಲ. ಇಸ್ತ್ರಿಪೆಟ್ಟಿಗೆ, ಕತ್ತರಿ, ಒಲೆ ಇವೆಲ್ಲ ಈಗಿಂದಲೇ ಕೈಗೆ ಸಿಗದ ಹಾಗೆ ಇಡಿ. ಹಗಲು ಮನೇಲಿ ಯಾರೂ ಇರಲ್ಲ ಅಂತೀರಿ. ಆರೈಕೆ ಮಾಡೋ ಜಾಗಕ್ಕೆ ಸೇರಿಸೋದನ್ನೂ ಯೋಚನೆ ಮಾಡಿ.”

ಈ ಪರೀಕ್ಷೆಗೆ ಬಂದದ್ದೇ ಆಕಸ್ಮಿಕವಾಗಿ. ಅತ್ತೆಯ ಮಂಡಿನೋವಿಗೆ ವಾರಕ್ಕೆರಡು ಬಾರಿ ಅದೇ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ ವ್ಯಾಯಾಮ ಮಾಡಿಸುತ್ತಿದ್ದರು. ಕಾಲು ಎತ್ತಿ ಎಂದರೆ ಕೈ ಎತ್ತುತ್ತಾರೆ, ನಡುವೆ ತೂಕಡಿಸುತ್ತಾರೆ, ಹೋದ ವಾರ ಕಲಿಸಿದ್ದು ಈ ವಾರ ನೆನಪಿಲ್ಲ ಎಂದು ಅಲ್ಲಿನವರೇ ಗಮನಿಸಿ ಮೇಲಿನ ಮಹಡಿಗೆ ಕಳಿಸಿದ್ದರು.

ಸೊಸೆಯ ಕಸುಬು ಹಲ್ಲುಸೆಟ್ಟು ಮಾಡುವುದು. ದಂತವೈದ್ಯರು ಕಳಿಸುವ ಅಚ್ಚಿಗೆ ಪ್ಲಾಸ್ಟರು ಸುರಿದು ದವಡೆಯ ಪಡಿಯಚ್ಚು ತೆಗೆಯುವುದು, ಗುಲಾಬಿ ಮೇಣದಲ್ಲಿ ವಸಡು ಕಟ್ಟಿ ಹಲ್ಲು ಕೂರಿಸುವುದು, ಮೇಣ ಕರಗಿಸಿ ಅದರ ಜಾಗಕ್ಕೆ ಗಟ್ಟಿ ಪ್ಲಾಸ್ಟಿಕ್ ತುಂಬುವುದು. ಅವಳು ಹಗಲೆಲ್ಲ ದುಡಿಯುವ ಲ್ಯಾಬಿನ ಕೋಣೆಯಲ್ಲಿ ಬಿಳಿಯ ಪುಡಿ ಕೂರದ ಸಾಮಾನಿರಲಿಲ್ಲ. ಪ್ಲಾಸ್ಟಿಕ್ ಕಲಸುವ ದ್ರವದ ಘಾಟು ಅವಳ ಸೀರೆಯನ್ನೂ ಕೂದಲನ್ನೂ ಬಿಟ್ಟು ಹೋಗುತ್ತಿರಲಿಲ್ಲ. ಆ ಘಾಟಿಗೆ ಅವಳ ಮೂಗು ಎಂದೋ ಸೋತು ಶರಣಾಗಿತ್ತು. ಸಂಜೆಯ ಹೊತ್ತಿಗೆ ಬರುವ ತಲೆನೋವನ್ನು ಅವಳು ಸಂಬಳದ ಜೊತೆಗೆ ಸಿಗುವ ಭತ್ಯೆ ಎಂದು ಕರೆಯುತ್ತಿದ್ದಳು.

ಎರಡು ದವಡೆಗಳ ನಡುವೆ ಒಂದು ಕಾಗದದಷ್ಟು ಎತ್ತರ ತಪ್ಪಿದರೂ ಬಾಯಿ ಒಪ್ಪುವುದಿಲ್ಲ ಎಂಬುದನ್ನು ಕಂಡ ಕೈ ಅವಳದು. ಆ ಕೈ ಸುಮ್ಮನಿರುತ್ತಿರಲಿಲ್ಲ. ಬೀದಿಯ ಜನ ಅವಳನ್ನು ‘ಸೆಟ್ ಮೇಡಂ’ ಎನ್ನುತ್ತಿದ್ದರು. ಸೆಟ್ಟು ಮಾಡುವುದರಿಂದ ಬಂದ ಹೆಸರು, ಯಾರ ಮನೆಯಲ್ಲಿ ಏನು ಕೆಟ್ಟರೂ ಸೆಟ್ ಮಾಡಿಕೊಡುವುದರಿಂದ ಉಳಿದುಕೊಂಡಿತು. ಅವಳ ಈ ಗುಣಕ್ಕೆ ಸರಿಯಾದ ಮೇವು ಸಿಕ್ಕಿದ್ದು ಗಂಡ ಹೆಂಡತಿ ಸೇರಿ ಒಂದು ಹಳೆಯ ಸೆಡಾನ್ ಕಾರು ಕೊಂಡ ಮೇಲೆ.

ಉದ್ದ ಮೂಗು, ಉದ್ದ ಬಾಲ, ನೆಲಕ್ಕೆ ತಾಗುವ ಹೊಟ್ಟೆ. “ಮೊಸಳೆಗೆ ಬಣ್ಣ ಹೊಡೆದು ತಂದಿದೀರ,” ಎಂದಿದ್ದರು ಅತ್ತೆ, ಮೊದಲ ದಿನವೇ. ಶೆಡ್ಡಿನಲ್ಲಿ ಮೂಗು ಗೋಡೆಗೆ ತಾಗದಂತೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತಿರಲಿಲ್ಲ. ಸೊಸೆ ಸೂರಿನಿಂದ ದಾರ ಕಟ್ಟಿ ಒಂದು ಚೆಂಡು ಇಳಿಬಿಟ್ಟಳು, ಚೆಂಡು ಮುಂದಿನ ಗಾಜನ್ನು ಮುಟ್ಟಿದ ಕಡೆ ಬ್ರೇಕು. ಬಾಗಿಲು ತೆರೆದಾಗಲೆಲ್ಲ ಗೋಡೆಗೆ ಬಡಿದು ಬಣ್ಣ ಏಳುತ್ತಿತ್ತು. ಹಳೆಯ ಹಾಸಿಗೆಯ ಸ್ಪಂಜನ್ನು ಪಟ್ಟಿಯಾಗಿ ಕತ್ತರಿಸಿ ಗೋಡೆಗೆ ಅಂಟಿಸಿದಳು. ಗಾಜಿನ ಒಳಗೆ ಮಂಜು ಕಟ್ಟುತ್ತಿತ್ತು; ಸೋಪು ಸವರಿ ಒಣಬಟ್ಟೆಯಲ್ಲಿ ಒರೆಸಿದಳು. ತಗ್ಗಿನ ಸೀಟಿನಿಂದ ಏಳಲು ಅತ್ತೆಯ ಮಂಡಿ ಒಪ್ಪುತ್ತಿರಲಿಲ್ಲ. ಎರಡು ಹಲಗೆಗಳ ನಡುವೆ ಗೋಲಿ ತುಂಬಿದ ತಿರುಗುಮಣೆ ಮಾಡಿ, ಮೇಲೆ ದಿಂಬು ಹೊಲಿದು, ಹಿಂದಿನ ಸೀಟಿನಲ್ಲಿಟ್ಟಳು. ಅತ್ತೆ ಅದರ ಮೇಲೆ ಕೂತು ಗರ್ರನೆ ಒಳಕ್ಕೆ ತಿರುಗುತ್ತಿದ್ದರು. ಮುಂದಿನ ಸೀಟಿಗೆ ಕರೆದರೆ, “ನೀನು ಓಡಿಸೋದನ್ನ ಮುಂದೆ ಕೂತು ನೋಡೋ ಧೈರ್ಯ ನನಗಿಲ್ಲ. ಏನಾಗೋದಿದ್ರೂ ಹಿಂದಿನಿಂದಲೇ ಆಗಲಿ,” ಎನ್ನುತ್ತಿದ್ದರು.

ಹಿಂದಿನ ಮಳೆಗಾಲದಲ್ಲಿ ಡಿಕ್ಕಿಯಲ್ಲಿ ನೀರು ನಿಲ್ಲತೊಡಗಿತು. ಸ್ಟೆಪ್ನಿ ಚಕ್ರ ಇಡುವ ಗುಳಿಯೇ ಪುಟ್ಟ ಕೊಳವಾಯಿತು. ನೀರು ಎಲ್ಲಿಂದ ಒಳಬರುತ್ತದೆಂದು ಹುಡುಕಿ ಸೋತ ಸೊಸೆಗೆ, ಗುಳಿಯ ತಳದಲ್ಲಿ ಎರಡು ರಬ್ಬರ್ ಬಿರಡೆಗಳು ಕಂಡವು. ಅವುಗಳನ್ನು ಕಿತ್ತಳು. ನೀರು ಗುಳುಗುಳು ಎಂದು ಇಳಿದುಹೋಯಿತು. ಇಷ್ಟು ಸುಲಭವೇ ಎಂದು ಅವಳಿಗೇ ನಗು ಬಂತು. ಎದುರುಮನೆಯ ಈಜು ಮೇಷ್ಟ್ರು ಬೇಲಿಯಾಚೆಯಿಂದ ನೋಡಿ, “ಶಭಾಷ್ ಮೇಡಂ! ನಮ್ಮದ್ರಲ್ಲೂ ಇದೇ ಗೋಳು,” ಎಂದು ಅಂದೇ ತಮ್ಮ ಕಾರಿನ ಬಿರಡೆಗಳನ್ನೂ ಕಿತ್ತರು.

ಬೀದಿಯ ತಿರುವಿನ ಉಬ್ಬು ಕಾರಿನ ಹೊಟ್ಟೆಯನ್ನು ಕೆರೆಯದ ದಿನವಿರಲಿಲ್ಲ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿದರೆ ಕೆರೆತ ತಪ್ಪುತ್ತದೆಂದು ಅವಳು ಕಂಡುಕೊಳ್ಳುವಷ್ಟರಲ್ಲಿ ಸೈಲೆನ್ಸರ್ ಸಡಿಲವಾಗಿ ಗಡಗಡ ಸದ್ದು ಮಾಡುತ್ತಿತ್ತು. ಹಲ್ಲಿನ ಕೊಂಡಿಗೆ ಬಳಸುವ ತಂತಿಯಿಂದ ಬಿಗಿದಳು, ಸದ್ದು ನಿಂತಿತು. ಹಿಂದಿನ ಗಾಜಿನ ಕೆಳಗಿನ ಹಲಗೆಯಲ್ಲಿದ್ದ ಹರಕು ಸ್ಪೀಕರುಗಳು ಕರ್ಕಶವಾಗಿ ಒದರುತ್ತಿದ್ದವು. ಅವುಗಳನ್ನು ತೆಗೆದು, ಉಳಿದ ದುಂಡನೆಯ ತೂತುಗಳ ಮೇಲೆ ಅತ್ತೆಯ ಹೊಲಿಗೆ ಕೋಣೆಯ ತುಂಡುಬಟ್ಟೆ ಹಾಸಿದಳು. ಸೀರೆಯ ಘಾಟು ಹೋಗಲೆಂದು ಓಡಿಸುವಾಗ ತನ್ನ ಪಕ್ಕದ ಗಾಜನ್ನು ನಾಲ್ಕು ಬೆರಳು ಇಳಿಸಿಕೊಳ್ಳುವುದು ಮೊದಲಿನಿಂದಲೂ ರೂಢಿ.

ಒಂದು ಕಿರಿಕಿರಿ ಮಾತ್ರ ಬಗೆಹರಿಯಲಿಲ್ಲ.

“ಈ ಕಾರಲ್ಲಿ ಏನೋ ಸುಟ್ಟ ವಾಸನೆ ಕಣೇ,” ಎಂದು ಅತ್ತೆ ಅನ್ನುತ್ತಲೇ ಇದ್ದರು. ಸೊಸೆಗೆ ಯಾವ ವಾಸನೆಯೂ ಬರುತ್ತಿರಲಿಲ್ಲ. ಅತ್ತೆಯ ಮೂಗಿಗೆ ಸೊಸೆ ತಂದದ್ದೆಲ್ಲ ವಾಸನೆಯೇ ಎಂದುಕೊಂಡು ಕನ್ನಡಿಗೆ ಒಂದು ಪುಟ್ಟ ಅತ್ತರಿನ ಸೀಸೆ ತೂಗುಹಾಕಿದಳು.

“ಈಗ ಹೇಗಿದೆ ಅತ್ತೆ?”

“ಹೂವಿನ ತೋಟಕ್ಕೆ ಬೆಂಕಿ ಬಿದ್ದ ಹಾಗಿದೆ.”

ಕೆಲವು ವಾರಗಳಲ್ಲಿ ಆ ದೂರು ನಿಂತಿತು. ಸೀಸೆ ಗೆದ್ದಿತೆಂದು ಸೊಸೆ ತಿಳಿದಳು. ಅತ್ತೆ ಕಾರಿನಲ್ಲಿ ಮಾತಾಡುವುದನ್ನೇ ಕಡಿಮೆ ಮಾಡಿದ್ದಾರೆ ಎಂಬುದು ಅವಳ ಲಕ್ಷ್ಯಕ್ಕೆ ಬರಲಿಲ್ಲ. ಬಂದಿದ್ದರೂ ಅದನ್ನು ಕುಂದೆಂದು ಎಣಿಸುವಷ್ಟು ಉದಾರ ಸೊಸೆ ಲೋಕದಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ.

ಎರಡನೆಯ ಪರೀಕ್ಷೆಯ ಮರುದಿನ ಅವಳು ಮಹಡಿ ಹತ್ತಿ ಅತ್ತೆಯ ಕೋಣೆಯಿಂದ ಕತ್ತರಿಗಳನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಕೆಳಗೆ ತಂದಳು. ಹೊಲಿಗೆ ಮಷೀನಿನ ಸೂಜಿ ಕಳಚಿದಳು. ಅವಳ ಗಂಡ ಮುದ್ರಣಾಲಯದ ಪಾಳಿ ಮುಗಿಸಿ ಬಂದವನು ಮೆಟ್ಟಿಲ ಬುಡದಲ್ಲಿ ಕೈಕಟ್ಟಿ ನಿಂತಿದ್ದ.

“ಇದು ಸರಿ ಕಾಣ್ತಿಲ್ಲ ಕಣೆ. ನಿನ್ನೆ ಸಾಯಂಕಾಲ ಇಸ್ಪೀಟಲ್ಲಿ ನನ್ನ ಕೈಲಿರೋ ಎಲೆಗಳನ್ನೆಲ್ಲ ಲೆಕ್ಕ ಹಾಕಿ ಹೇಳಿದಳು ಅಮ್ಮ. ನನಗಾ, ಅವಳಿಗಾ ಮರೆವು?”

“ಮನೇಲಿ ಎಲ್ಲ ಅಭ್ಯಾಸದ ಮೇಲೆ ನಡೆಯತ್ತೆ ರೀ. ಹೊಸ ಜಾಗದಲ್ಲಿ ಬಯಲಾಗತ್ತೆ. ಎರಡು ಸಲ ಪರೀಕ್ಷೆ ಮಾಡಿದಾರೆ. ಅಂಕಿ ಸುಳ್ಳು ಹೇಳಲ್ಲ.”

ಮೇಲಿನಿಂದ ಅತ್ತೆಯ ದನಿ ಬಂತು. “ನನ್ನ ಕತ್ತರಿ ಎಲ್ಲೇ?”

“ಸಾಣೆಗೆ ಕೊಟ್ಟಿದೀನಿ ಅತ್ತೆ.”

“ಎಲ್ಲಾನೂ ಒಟ್ಟಿಗೆ? ಇಸ್ತ್ರಿಪೆಟ್ಟಿಗೇನೂ ಸಾಣೆಗೆ ಹೋಯ್ತಾ?” ಅತ್ತೆ ಮೆಟ್ಟಿಲ ತುದಿಗೆ ಬಂದು ನಿಂತಿದ್ದರು. ಕೋಪವಿರಲಿಲ್ಲ, ಅದೇ ಭಯ ಹುಟ್ಟಿಸಿತು. “ಇಟ್ಕೋ. ಆಸ್ಪತ್ರೇಲಿ ನನಗೆ ಏನೋ ಆಗತ್ತೆ, ಗೊತ್ತು. ತಲೇಲಿ ಹತ್ತಿ ತುಂಬಿದ ಹಾಗೆ. ಅವರು ಕೇಳೋದು ಕೇಳಿಸತ್ತೆ, ಉತ್ತರ ಎಲ್ಲೋ ದೂರ ನಿಂತಿರತ್ತೆ, ಕರೆದ್ರೆ ಬರಲ್ಲ.” ಸೊಸೆಯ ಕೈಯಲ್ಲಿದ್ದ ಸೂಜಿ ನೋಡಿ ಅಂದರು: “ಸೂಜಿ ಇಲ್ಲದ ಮಷೀನು ಮುಂದೆ ಇಟ್ಕೊಂಡು ಕೂರೋದಕ್ಕಿಂತ ಆ ಆರೈಕೆ ಮನೆಗೇ ಕಳಿಸಿಬಿಡಿ.”

ಸೊಸೆ ಸೂಜಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಹೋದಳು.

ಮೂರನೆಯ ಪರೀಕ್ಷೆಯ ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಡಿಕ್ಕಿ ಪೂರ್ತಿ ಮುಚ್ಚಿಕೊಳ್ಳದೆ ಒಳಗಿನ ದೀಪ ಉರಿದು ಬ್ಯಾಟರಿ ಸತ್ತಿತ್ತು. ಗಂಡನಿಗೆ ಅಂದು ರಜೆ. ಎಲ್ಲಿಂದಲೋ ಇನ್ನೊಂದು ಬ್ಯಾಟರಿ ತಂದು ಜೋಡಿಸಿ ಹಿಂದೆ ಬರುತ್ತೇನೆಂದ. ಅತ್ತೆ ಸೊಸೆ ಬಸ್ಸು ಹತ್ತಿದರು. ಬಸ್ಸಿನಲ್ಲಿ ಅತ್ತೆ ಮುಂದಿನ ಸೀಟಿನವಳ ಕುಪ್ಪಸದ ತೋಳು ತಪ್ಪಾಗಿ ಕೂತಿದೆಯೆಂದು ಇಳಿಯುವವರೆಗೂ ಪಿಸುಗುಟ್ಟಿದರು.

“ಇವತ್ತು ಯಾವ ವಾರ ಅಮ್ಮ?”

“ಬುಧವಾರ. ಹೋದ್ಸಲಾನೂ ಇದನ್ನೇ ಕೇಳಿದ್ರಿ. ನಿಮಗೆ ನೆನಪಿರಲ್ವ?”

ಡಾಕ್ಟರು ಕತ್ತೆತ್ತಿದರು. ಗಡಿಯಾರದ ಅಂಕಿಗಳು ವೃತ್ತದ ಸುತ್ತ ಗುಂಡಿ ಹೊಲಿದಂತೆ ಸಮನಾಗಿ ಕೂತವು. ಹಿಂದುಮುಂದಾಗಿ ಎಣಿಸಿದ್ದು ಸರಿ, ಚಿತ್ರಗಳ ಹೆಸರು ಸರಿ. ಅಂಕ ಕೂಡಿಸಿದ ಡಾಕ್ಟರು ಇನ್ನೊಮ್ಮೆ ಕೂಡಿಸಿದರು. ಸೊಸೆಗೆ ಸಂತೋಷಕ್ಕಿಂತ ಮೊದಲು ಬಂದದ್ದು ದಿಗ್ಭ್ರಮೆ. ಒಂದು ತಿಂಗಳಲ್ಲಿ ತಲೆ ಹಾಳಾಗಬಹುದು, ಒಂದು ಬೆಳಿಗ್ಗೆಯಲ್ಲಿ ರಿಪೇರಿಯಾಗುವುದೆಂದರೇನು?

“ಒಳ್ಳೆ ದಿನ, ಕೆಟ್ಟ ದಿನ ಅಂತ ಇರತ್ತೆ,” ಎಂದರು ಡಾಕ್ಟರು, ಅಷ್ಟೇನೂ ನಂಬಿಕೆಯಿಲ್ಲದ ದನಿಯಲ್ಲಿ. “ಒಂದೇ ಸಲದ್ದನ್ನ ನಂಬೋ ಹಾಗಿಲ್ಲ. ಮುಂದಿನ ತಿಂಗಳು ಮತ್ತೆ ಬನ್ನಿ.”

ಹೊರಗೆ ಗಂಡ ಕಾರು ತಂದು ನಿಲ್ಲಿಸಿದ್ದ. ಅವನೇ ಓಡಿಸುತ್ತೇನೆಂದ, ಸೊಸೆ ಅವನ ಪಕ್ಕ ಕೂತು ರೂಢಿಯಂತೆ ತನ್ನ ಕಡೆಯ ಗಾಜನ್ನು ನಾಲ್ಕು ಬೆರಳು ಇಳಿಸಿಕೊಂಡಳು. ಅತ್ತೆ ತಿರುಗುಮಣೆಯ ಮೇಲೆ ಗರ್ರನೆ ತಿರುಗಿ ಒಳಗಾದರು.

ಅತ್ತೆಯಿದ್ದ ಕಾರಿನಲ್ಲಿ ಸ್ಟಿಯರಿಂಗ್ ಹಿಡಿಯದೆ ಸೊಸೆ ಕೂತದ್ದು ಅದೇ ಮೊದಲು. ಓಡಿಸುವವರ ಕಣ್ಣಿಗೆ ರಸ್ತೆ ಮಾತ್ರ ಕಾಣುತ್ತದೆ, ಹಿಂದೆ ಕೂತವರು ಒಂದು ದನಿ ಅಷ್ಟೆ. ಇಂದು ಅವಳು ಅತ್ತೆಯ ಮಾತಿಗೆ ನಗುತ್ತಾ ಹಿಂದಕ್ಕೆ ತಿರುಗಿ ಕೂತಿದ್ದಳು. “ಆ ಡಾಕ್ಟರಮ್ಮನ ಕೋಟು ಭುಜದಲ್ಲಿ ಜೋತುಬಿದ್ದಿದೆ, ನೋಡಿದ್ಯಾ? ಎರಡು ಹೊಲಿಗೆ ಹಾಕಿದ್ರೆ...” ಎಂದು ಅತ್ತೆ ಆರಂಭಿಸಿದರು. ಸೇತುವೆಯ ಬಳಿ ವಾಹನಗಳು ಕಟ್ಟಿಕೊಂಡು ನಿಂತಿದ್ದವು. ಕಾರು ಒಂದು ಗಜ ಸರಿಯುವುದು, ನಿಲ್ಲುವುದು, ಮತ್ತೆ ಸರಿಯುವುದು. “ಎರಡು ಹೊಲಿಗೆ ಹಾಕಿದ್ರೆ...” ಎಂದು ಅತ್ತೆ ಇನ್ನೊಮ್ಮೆ ಅಂದರು. ಸ್ವಲ್ಪ ಹೊತ್ತಿನ ಮೇಲೆ, “ಕೋಟು,” ಎಂದರು, ಯಾರೋ ಕೇಳಿದ ಪ್ರಶ್ನೆಗೆ ಉತ್ತರ ಕೊಡುವಂತೆ. ಕೆನ್ನೆ ಕೆಂಪೇರಿತ್ತು. ಹುಬ್ಬು ಹಿಂಡಿಕೊಂಡು ಹಣೆಗೆ ಕೈಯಿಟ್ಟರು. ತುಂಬಿದ ದೀಪವನ್ನು ಯಾರೋ ಹೊರಗಿನಿಂದ ನಿಧಾನವಾಗಿ ಇಳಿಸುತ್ತಿರುವುದನ್ನು ಕಣ್ಣಾರೆ ನೋಡಿದಂತಿತ್ತು.

“ಅತ್ತೆ? ಏನಾಗ್ತಿದೆ?”

“ಹೊಟ್ಟೆ ತೊಳಸ್ತಿದೆ.”

ಗಂಡ ಮುಂದಿದ್ದ ಲಾರಿಯನ್ನು ಬೈಯುತ್ತಾ ಸಂದಿಗೊಂದಿಗಳಲ್ಲಿ ನುಗ್ಗಿಸಿ ಮನೆ ಸೇರಿಸಿದ. ಅಂಗಳದಲ್ಲಿ ಸೊಸೆ ಬಾಗಿಲು ತೆರೆದು ಕೈ ನೀಡಿದಾಗ ಅತ್ತೆ ಆ ಕೈಯನ್ನೂ ಮುಖವನ್ನೂ ನೋಡಿ, ಬಹಳ ಸೌಜನ್ಯದಿಂದ ಕೇಳಿದರು: “ನೀವು ಯಾರ ಕಡೆಯವರು ತಾಯಿ?”

ಕಾಲು ಶತಮಾನದಲ್ಲಿ ಅತ್ತೆ ಅವಳನ್ನು ಬೈದಿದ್ದುಂಟು, ಹೊಗಳಿದ್ದುಂಟು, ‘ನೀವು’ ಎಂದದ್ದಿಲ್ಲ. ಅತ್ತೆಯನ್ನು ಅಂಗಳದ ಕಲ್ಲುಬೆಂಚಿನ ಮೇಲೆ ಕೂರಿಸಿ, ಬೆನ್ನಿಗೆ ಗೋಡೆ ಕೊಟ್ಟು, ನೀರಿನ ಬಾಟಲಿ ತರಲೆಂದು ಕಾರಿಗೆ ಓಡಿದಳು. ಗಂಡ ಆಗಲೇ ಅದನ್ನು ಹಿಮ್ಮುಖವಾಗಿ ಶೆಡ್ಡಿಗೆ ಸೇರಿಸಿ, ಬ್ಯಾಟರಿ ಮತ್ತೆ ಸಾಯಬಾರದೆಂದು ಇಂಜಿನ್ ಆರಿಸದೆ ಇಳಿದಿದ್ದ. ಕಾರಿನ ಬಾಲ ಗೋಡೆಗೆ ಅಂಟಿಕೊಂಡಂತಿತ್ತು. ಬಾಟಲಿ ಹಿಂದಿನ ಸೀಟಿನ ಮೂಲೆಗೆ ಉರುಳಿತ್ತು. ಅವಳು ಒಳಗೆ ಹೊಕ್ಕು, ತಿರುಗುಮಣೆಯ ಮೇಲೆ ಮಂಡಿಯೂರಿ ಕೈಚಾಚಿದಳು.

ಆಗ ಕಂಡಿತು. ಹಿಂದಿನ ಗಾಜಿನ ಕೆಳಗೆ, ಸ್ಪೀಕರಿನ ತೂತಿನ ಮೇಲೆ ತಾನೇ ಹಾಸಿದ ತುಂಡುಬಟ್ಟೆ ಉಸಿರಾಡುತ್ತಿತ್ತು.

ಮೆಲ್ಲಗೆ ಉಬ್ಬುವುದು, ನಡುಗುವುದು, ಇಳಿಯುವುದು. ಇಂಜಿನ್ನಿನ ತಾಳಕ್ಕೆ ಸರಿಯಾಗಿ. ತಿಳಿಹಳದಿ ಬಟ್ಟೆಯ ನಡುವೆ ಬೂದುಬಣ್ಣದ ದುಂಡು ಕಲೆ. ಅವಳು ಬಟ್ಟೆ ಎತ್ತಿದಳು. ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಅತ್ತರಿನ ಕೆಳಗೆ ಅಡಗಿದ್ದ ಸುಟ್ಟ ವಾಸನೆಗೆ ಆ ಸತ್ತ ಮೂಗು ಕೂಡ ಎಚ್ಚೆತ್ತಿತು.

“ಇಂಜಿನ್ ಆರಿಸ್ರೀ!” ಎಂದು ಕಿರುಚಿದಳು. ಗಂಡ ಅಂಥ ಕೂಗನ್ನು ಅವಳ ಬಾಯಿಂದ ಕೇಳಿರಲಿಲ್ಲ. ಓಡಿಬಂದು ಕೀಲಿ ತಿರುಗಿಸಿ ಕಿತ್ತ.

ಕಾರನ್ನು ಮುಂದಕ್ಕೆ ತಳ್ಳಿ ಡಿಕ್ಕಿ ತೆರೆದು, ಚಾಪೆ ಎತ್ತಿ, ಸ್ಟೆಪ್ನಿಯನ್ನು ಎಳೆದು ಹಾಕಿದರು. ಗುಳಿಯ ತಳದಲ್ಲಿ ಎರಡು ತೂತುಗಳು, ಅವುಗಳಲ್ಲಿ ನೆಲದ ಬೆಳಕು. ತೂತಿನ ಅಂಚಿನ ಬಿಳಿಬಣ್ಣ ಮಸಿಯಿಂದ ಕಪ್ಪಾಗಿತ್ತು. ಅವಳು ನೆಲಕ್ಕೆ ಬಿದ್ದು ಕಾರಿನ ಅಡಿಗೆ ಇಣುಕಿದಳು. ಸೈಲೆನ್ಸರಿನ ಕೊಳವೆ ಕೂಡುವಲ್ಲಿ, ಉಬ್ಬಿಗೆ ಕೆರೆದು ಕೆರೆದು ಬಾಯ್ಬಿಟ್ಟ ಬಿರುಕು. ಅದು ಸದ್ದು ಮಾಡದಂತೆ ಬಿಗಿದ ತಂತಿ. ತಂತಿಯ ತುದಿಯಲ್ಲಿ, ಬಾಯಿಗೆ ಚುಚ್ಚದಂತೆ ಒಳಕ್ಕೆ ಮಡಿಸಿದ ಗಂಟು. ಆ ಗಂಟು ಹಾಕಲು ಆ ಊರಿನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಬಿರುಕು ಹೊಗೆ ಬಿಟ್ಟಿತು, ಬಿರಡೆಯಿಲ್ಲದ ತೂತು ಅದನ್ನು ಡಿಕ್ಕಿಗೆ ಎತ್ತಿತು, ಸ್ಪೀಕರಿನ ತೂತು ಅತ್ತೆಯ ಕತ್ತಿನ ಹಿಂದೆ ಸುರಿಯಿತು. ಮುಂದೆ ತಾನು ಇಳಿಸಿಕೊಂಡ ನಾಲ್ಕು ಬೆರಳಿನ ಗಾಜು ಇಡೀ ಕಾರನ್ನು ಚಿಲುಮೆಯಂತೆ ಸೇದಿತು. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಜಾಣತನವೇ. ನೀರು ಬರುವ ದಾರಿಯನ್ನು ಮುಚ್ಚಬೇಕಿದ್ದವಳು ಅದು ಹೋಗುವ ದಾರಿಯನ್ನು ತೆರೆದಿದ್ದಳು. ಬಿರುಕನ್ನು ಸರಿಪಡಿಸಬೇಕಿದ್ದವಳು ಅದರ ಬಾಯಿ ಕಟ್ಟಿದ್ದಳು. ಗಡಗಡ ಸದ್ದು ಇದ್ದಿದ್ದರೆ ಯಾವ ಗ್ಯಾರೇಜಿನವನಾದರೂ ಬಗ್ಗಿ ನೋಡುತ್ತಿದ್ದ. ವಾಸನೆಯೊಂದು ಉಳಿದಿತ್ತು, ಅದಕ್ಕೂ ಅತ್ತರು ಹಚ್ಚಿದ್ದಳು. ಅಂಕಿ ಸುಳ್ಳು ಹೇಳಿರಲಿಲ್ಲ, ನಿಜ. ಆದರೆ ಅದು ಅಳೆದದ್ದು ಅತ್ತೆಯನ್ನಲ್ಲ, ಕಾರನ್ನು.

ಅವಳು ಎದ್ದು ಅತ್ತೆಯ ಬಳಿಗೆ ಓಡಿದಳು. ಗಂಡ ಆಂಬುಲೆನ್ಸಿಗೆ ಫೋನು ಮಾಡಿದ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಕಾರ್ಬನ್ ಮಾನಾಕ್ಸೈಡ್ ಎಂದರು. ಅದಕ್ಕೆ ಸ್ವಂತ ವಾಸನೆಯಿಲ್ಲ, ರಕ್ತದಲ್ಲಿ ಆಮ್ಲಜನಕದ ಜಾಗದಲ್ಲಿ ಹೋಗಿ ಕೂರುತ್ತದೆ, ಗಾಳಿಗೆ ಬಂದರೆ ನಿಧಾನವಾಗಿ ಎದ್ದು ಹೋಗುತ್ತದೆ. ಮನೆಗೆ ಬಂದ ಕೆಲವು ಗಂಟೆಗಳ ಮೇಲೆ ಅತ್ತೆ ಇಸ್ಪೀಟು ಗೆಲ್ಲುತ್ತಿದ್ದುದರ ಅರ್ಥ ಆಗ ತಿಳಿಯಿತು. ನೆನಪಿನ ಡಾಕ್ಟರು ಸುದ್ದಿ ಕೇಳಿ ಮೆಟ್ಟಿಲಿಳಿದು ಓಡಿಬಂದರು. “ವಯಸ್ಸು ಕೇಳಿದ್ವಿ, ಮಾತ್ರೆ ಕೇಳಿದ್ವಿ, ನಿದ್ದೆ ಕೇಳಿದ್ವಿ,” ಎಂದರು, ಮುಖ ಬಿಳಿಚಿತ್ತು. “ಹೇಗೆ ಬಂದ್ರಿ ಅಂತ ಒಬ್ಬರೂ ಕೇಳಲಿಲ್ಲ.”

ಆಮ್ಲಜನಕದ ಮುಸುಕು ತೆಗೆದಾಗ ಅತ್ತೆಯ ಮುಂದೆ ಸೊಸೆ ಎಲ್ಲವನ್ನೂ ಹೇಳಿದಳು. ಯಾವುದನ್ನೂ ಬಿಡಲಿಲ್ಲ, ಯಾವುದಕ್ಕೂ ಕಾರಣ ಕೊಡಲಿಲ್ಲ. ಹೇಳಿ ಮುಗಿಸಿ, ಬೈಗುಳಕ್ಕೆ ತಲೆ ಕೊಟ್ಟು ನಿಂತಳು.

“ಸೊಸೆಯರು ಅತ್ತೆಗೆ ವಿಷ ಹಾಕ್ತಾರೆ ಅಂತ ಕಥೆ ಕೇಳಿದ್ದೆ,” ಎಂದರು ಅತ್ತೆ. “ಅದಕ್ಕೆ ಅಂತ ಕಾರು ಕೊಂಡು, ಪೆಟ್ರೋಲು ಸುಟ್ಟು, ದಿಂಬು ಹೊಲಿದು ಕೂರಿಸಿ ಇಷ್ಟು ಕಷ್ಟಪಟ್ಟೋಳು ನೀನೊಬ್ಬಳೇ ಕಣೇ.”

ಗಂಡ ನಕ್ಕುಬಿಟ್ಟ. ಸೊಸೆ ನಗಲಿಲ್ಲ. ಅತ್ತೆ ಅವಳ ಕೈಯನ್ನು ಹಿಡಿದುಕೊಂಡರು. ಹಿಡಿತ ಕತ್ತರಿ ಹಿಡಿದಷ್ಟೇ ಗಟ್ಟಿಯಾಗಿತ್ತು.

ಬೀದಿಗೆ ಮರಳಿ ಬಂದಾಗ ಇನ್ನೊಂದು ಯೋಚನೆ ಅವಳನ್ನು ಸಿಡಿಲಿನಂತೆ ಹೊಡೆಯಿತು. ಚಪ್ಪಲಿ ಮೆಟ್ಟದೆ ಎದುರುಮನೆಗೆ ಓಡಿದಳು.

“ಮೇಷ್ಟ್ರೇ, ಆ ಬಿರಡೆ! ಇವತ್ತೇ ಹಾಕಿಸಿ. ಸೈಲೆನ್ಸರೂ ತೋರಿಸಿ. ಯಾರನ್ನೂ ಕೂರಿಸ್ಕೊಂಡು ಹೋಗ್ಬೇಡಿ.”

“ಯಾಕೆ ಮೇಡಂ? ನೀವೇ ಕಿತ್ತಿದ್ರಲ್ಲ? ನಾನು ನನ್ನ ತಂಗಿಗೂ ಹೇಳ್ಕೊಟ್ಟೆ, ಅವಳು ಅವಳ ಆಫೀಸಲ್ಲಿ...” ಎನ್ನುತ್ತಿದ್ದ ಈಜು ಮೇಷ್ಟ್ರು ಅವಳ ಮುಖ ನೋಡಿ ಮಾತು ನಿಲ್ಲಿಸಿದರು. ಸಂಜೆಯವರೆಗೆ ಇಬ್ಬರೂ ಕೂತು ಫೋನು ಮಾಡಿದರು. ಒಬ್ಬಳು ಕಿತ್ತ ಬಿರಡೆ ಎಷ್ಟು ಮನೆಗಳಿಗೆ ಹೋಗಿ ಮುಟ್ಟಿದೆಯೆಂದು ಕೇಳುತ್ತಾ ಹೋದಂತೆ ಹೆಸರುಗಳ ಪಟ್ಟಿ ಉದ್ದವಾಯಿತು. ಯಾರಿಗೂ ಏನೂ ಆಗಿರಲಿಲ್ಲ. ಅವರ ಸೈಲೆನ್ಸರುಗಳು ಇನ್ನೂ ಗಟ್ಟಿಯಿದ್ದವು, ಅಷ್ಟೆ.

ಗ್ಯಾರೇಜಿನಲ್ಲಿ ಹೊಸ ಸೈಲೆನ್ಸರ್ ಹಾಕಿಸಿ, ತೂತುಗಳಿಗೆಲ್ಲ ಬಿರಡೆ ಕೂರಿಸಿದರು. ಡಿಕ್ಕಿಗೆ ನೀರು ಬರುತ್ತಿದ್ದದ್ದು ಹಿಂದಿನ ದೀಪದ ಸುತ್ತಲ ರಬ್ಬರು ಸೀಳಿದ್ದರಿಂದ; ಅದನ್ನು ಬದಲಿಸಿದ ಮೇಲೆ ಕೊಳವೂ ಬತ್ತಿತು. ಗಂಡ ಹೆಂಡತಿ ಸೇರಿ ಇಸ್ತ್ರಿಪೆಟ್ಟಿಗೆಯನ್ನೂ ಕತ್ತರಿಗಳನ್ನೂ ಮಹಡಿಗೆ ಹೊತ್ತರು. ಮಷೀನಿಗೆ ಸೂಜಿ ಕೂರಿಸಲು ಸೊಸೆಯ ಕೈ ಬರಲಿಲ್ಲ. ಅತ್ತೆಯೇ ಕೂರಿಸಿಕೊಂಡರು. ಕೆಲಸದ ಕೋಣೆಯಲ್ಲೂ ಅವಳು ಇಕ್ಕಳ ಹಿಡಿದು ಸುಮ್ಮನೆ ಕೂತುಬಿಡುವುದುಂಟಾಯಿತು. ಕೆಟ್ಟದ್ದನ್ನು ಕಂಡರೆ ಓಡುತ್ತಿದ್ದ ಕೈ ಈಗ ಮುಟ್ಟುವ ಮೊದಲು, ಇದು ಇನ್ನೆಲ್ಲಿಗೆ ತೂತು ಕೊರೆಯುತ್ತದೆ ಎಂದು ಕೇಳುತ್ತಿತ್ತು.

ಮುಂದಿನ ತಿಂಗಳ ಪರೀಕ್ಷೆಗೆ ಇಬ್ಬರೂ ಬಸ್ಸಿನಲ್ಲಿ ಹೋದರು. ಸೊಸೆ ಕೋಣೆಯ ಹೊರಗೆ ನಿಂತು ತನ್ನ ಉಗುರನ್ನೆಲ್ಲ ಕಚ್ಚಿದಳು. ಒಮ್ಮೆ ಒಳ್ಳೆಯ ದಿನ ಬಂದಿತ್ತು, ಹೌದು. ಆದರೆ ಅದಾದ ಮೇಲೆ ಇನ್ನೊಂದು ಸಲ ಆ ಹೊಗೆ ಕುಡಿದಿದ್ದರು. ಅಷ್ಟು ತಿಂಗಳುಗಳಲ್ಲಿ ಆ ತಲೆಯಿಂದ ಏನೇನು ಸುಟ್ಟುಹೋಗಿದೆಯೋ ಯಾರು ಬಲ್ಲರು?

ಡಾಕ್ಟರು ಬಾಗಿಲು ತೆರೆದರು. “ಒಂದು ಪದ ಮರೆತರು. ಕೊಡೆ ಅಂತ ಹೇಳಿದ್ದೆ, ನೆನಪಾಗಲಿಲ್ಲ. ಉಳಿದದ್ದೆಲ್ಲ ಸರಿ. ಅವರ ವಯಸ್ಸಿಗೆ ಇದು ಏನೂ ಅಲ್ಲ.”

“ಆ ಒಂದು ಪದ ವಯಸ್ಸಿನದಾ, ಹೊಗೆಯದಾ?”

“ಅದನ್ನ ಹೇಳೋಕೆ ಯಾರಿಂದಲೂ ಆಗಲ್ಲ,” ಎಂದರು ಡಾಕ್ಟರು. “ಮೊದಲು ಹೇಗಿದ್ರು ಅಂತ ನಾವು ಅ‌ಳೆದಿರಲಿಲ್ಲ. ಈಗ ಅವರ ತಲೆ ಸರಿ ಇದೆ. ಒಬ್ಬರೇ ಇರಬಹುದು, ಹೊಲೀಬಹುದು, ಒಲೆ ಹಚ್ಚಬಹುದು. ಅಷ್ಟು ಮಾತ್ರ ಬರೆದುಕೊಡ್ತೀನಿ.”

ಸೊಸೆ ತಲೆಯಾಡಿಸಿದಳು. ಆ ಒಂದು ಪದ ತನ್ನ ಪಾಲಿಗೆ ಬಂದಿದೆ, ಅದನ್ನು ಯಾರಿಗೂ ಹಿಂತಿರುಗಿಸಲಾಗದು ಎಂದು ಅವಳಿಗೆ ಗೊತ್ತಾಯಿತು.

ಹೊರಗೆ ಬಂದರೆ, ಗಂಡ ತಾಯಿಗೆ ಅಚ್ಚರಿ ಕೊಡಲೆಂದು ಕಾರು ತಂದು ನಿಲ್ಲಿಸಿದ್ದ. ತೊಳೆದು, ಒರೆಸಿ, ಗ್ಯಾರೇಜಿನವರಿಂದ ಹೊಗೆ ಪರೀಕ್ಷೆಯನ್ನೂ ಮಾಡಿಸಿದ್ದ. “ಬಾ ಅಮ್ಮ, ಈಗ ಒಂದು ಚೂರು ಹೊಗೇನೂ ಒಳಗೆ ಬರಲ್ಲ. ನಾನೇ ಹಿಂದೆ ಕೂತು ಒಂದು ಗಂಟೆ ನೋಡಿದೀನಿ,” ಎಂದು ಹಿಂದಿನ ಬಾಗಿಲು ತೆರೆದು ಹಿಡಿದ.

ಅತ್ತೆ ಬಗ್ಗಿ ಒಳಗೆ ಇಣುಕಿದರು. ತಿರುಗುಮಣೆಯನ್ನು ಒಂದು ಸುತ್ತು ತಿರುಗಿಸಿದರು. ಸೊಸೆ ಬಾಗಿಲಿನಿಂದ ಎರಡು ಹೆಜ್ಜೆ ದೂರ ನಿಂತಿದ್ದಳು.

“ಡಾಕ್ಟರು ಏನಂದ್ರು?” ಎಂದು ಅತ್ತೆ ಕೇಳಿದರು.

“ನಿಮ್ಮ ತಲೆ ಸರಿ ಇದೆ ಅಂದ್ರು ಅತ್ತೆ.”

“ಮತ್ತೆ? ತಲೆ ಸರಿ ಇರೋರು ಯಾರಾದ್ರೂ ಇದರಲ್ಲಿ ಕೂರ್ತಾರೇನೋ?” ಎಂದು ಮಗನಿಗೆ ಹೇಳಿ, ಬಾಗಿಲನ್ನು ತಾವೇ ಮುಚ್ಚಿ, ಮಂಡಿ ಹಿಡಿದುಕೊಂಡು ಬಸ್‌ಸ್ಟಾಪಿನ ಕಡೆಗೆ ಹೊರಟರು. ನಾಲ್ಕು ಹೆಜ್ಜೆ ಹೋಗಿ, ಹಿಂದೆ ಯಾರೂ ಬರುತ್ತಿಲ್ಲವೆಂದು ತಿರುಗಿ ನೋಡಿದರು.

“ಏ, ನಿಂತಲ್ಲೇ ನಿಂತೆ? ಬಸ್ಸು ಬಂತು ಬಾರೇ!”

ಸೊಸೆ ಓಡಿದಳು.